ಟಿವಿಯಲ್ಲಿ ವಿಜ್ಞಾನ ಬರುತ್ತಿದ್ದ ಕಾಲ

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಬೆಂಗಳೂರಿಗೆ ಅಂತ ಬಹಳ ಜನ ತಿಳಿದಿದ್ದಾರೆ. ಹೊರಗಿನವರನ್ನು ಬಿಡಿ, ಕಲಬುರಗಿಯಲ್ಲೇ ಹುಟ್ಟಿ ಬೆಳೆದ ನಮ್ಮ ಹುಡುಗರೂ ಹಾಗೇ ಹೇಳುತ್ತಾರೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ನಮ್ಮ ಕಡೆಯ ಹಳ್ಳಿಗಳು ಅದಕ್ಕೂ ಆರು ವರ್ಷ ಮೊದಲೇ ಟಿವಿ ನೋಡಿದ್ದವು. 1975ರ ಆಗಸ್ಟ್ 1ರಿಂದ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಬರುತ್ತಿತ್ತು. ಅದೂ ಟವರಿನಿಂದ ಅಲ್ಲ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಉಪಗ್ರಹದಿಂದ ನೇರವಾಗಿ.

ನಾನು ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ನಮ್ಮ ಭಾಗದ ಹೆಸರು ಬಂದ ಕೂಡಲೇ ಜನರ ಬಾಯಿಗೆ ಬರುವ ಮೊದಲ ಶಬ್ದ 'ಹಿಂದುಳಿದ'. ಆ ಉಪಗ್ರಹದ ಪ್ರಯೋಗಕ್ಕೂ ನಮ್ಮನ್ನು ಆರಿಸಿದ್ದು ಹಿಂದುಳಿದವರು ಅಂತಲೇ, ಆ ಮಾತು ಖರೆ. ಆದರೆ ಆರಿಸಿ ನಮಗೆ ಕೊಟ್ಟದ್ದೇನು? ಆಗ ಜಗತ್ತಿನಲ್ಲೇ ಅತಿ ಹೊಸದಾಗಿದ್ದ ತಂತ್ರಜ್ಞಾನ. ಹಳೆಯದು ಸವೆದು ಹೋದ ಮೇಲೆ ನಮ್ಮ ಕಡೆ ಕಳಿಸುವುದನ್ನು ನೋಡಿ ನೋಡಿ ಸಾಕಾದವಳು ನಾನು. ಹಾಗಾಗಿ ಈ ಸಂಗತಿ ನೆನಪಾದಾಗಲೆಲ್ಲ ಎದೆ ಉಬ್ಬುತ್ತದೆ.

ಆ ಪ್ರಯೋಗದ ಹೆಸರು ಸೈಟ್. ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಹೇಳುವ ಪ್ರಯೋಗ. ಕರ್ನಾಟಕ, ಆಂಧ್ರ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಹೀಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ನಮ್ಮ ಇಸ್ರೋ ಹತ್ತಿರ ಆಗ ಅಂಥ ಉಪಗ್ರಹ ಇರಲಿಲ್ಲ. ಅಮೆರಿಕದ ನಾಸಾದವರು ತಮ್ಮ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಆಫ್ರಿಕಾದ ಮೇಲೆ ತಂದು ನಿಲ್ಲಿಸಿದರು, ಅಲ್ಲಿಂದ ಅದು ನಮ್ಮ ದೇಶದ ಕಡೆ ಮುಖ ಮಾಡಿತು. ಈ ಒಪ್ಪಂದ ಆದದ್ದು 1969ರಲ್ಲಿ, ನಮ್ಮ ಬಾಹ್ಯಾಕಾಶ ಕಾರ್ಯಕ್ರಮ ಕಟ್ಟಿದ ವಿಕ್ರಮ್ ಸಾರಾಭಾಯಿ ಇದ್ದಾಗ. ಪ್ರಯೋಗ ಶುರುವಾಗುವ ಹೊತ್ತಿಗೆ ಅವರೇ ಇರಲಿಲ್ಲ.

ಇದರಲ್ಲಿ ಜಾಣತನ ಎಲ್ಲಿತ್ತು ಅಂದರೆ, ಅಲ್ಲಿಯವರೆಗೆ ಉಪಗ್ರಹಗಳು ಕಳಿಸುತ್ತಿದ್ದ ಸಿಗ್ನಲ್ ಬಹಳ ಕ್ಷೀಣವಾಗಿರುತ್ತಿತ್ತು. ಅದನ್ನು ಹಿಡಿಯಲು ನೆಲದ ಮೇಲೆ ದೊಡ್ಡ ದೊಡ್ಡ ಕೇಂದ್ರಗಳು ಬೇಕಿದ್ದವು. ಎಟಿಎಸ್-6ಕ್ಕೆ ಸುಮಾರು 9 ಮೀಟರ್ ಅಗಲದ ಆಂಟೆನಾ ಇತ್ತು. ಮೇಲೆ ಹೋದ ನಂತರ ಬಿಚ್ಚಿಕೊಳ್ಳುವಂಥದ್ದು. ಭಾರವನ್ನೆಲ್ಲ ಮೇಲೆ ಉಪಗ್ರಹವೇ ಹೊತ್ತುಕೊಂಡಿದ್ದರಿಂದ ಕೆಳಗೆ ಹಳ್ಳಿಯಲ್ಲಿ 3 ಮೀಟರಿನ ಒಂದು ತಂತಿ ಜಾಲರಿಯ ಡಿಶ್ ಸಾಕಾಯಿತು, ಊರವರ ಬಾಯಲ್ಲಿ ಅದು ಛತ್ರಿ. ಕೋಳಿ ಗೂಡಿಗೆ ಬಡಿಯುತ್ತಾರಲ್ಲ, ಅದೇ ಜಾಲರಿ. ಟಿವಿ ಸೆಟ್ಟುಗಳನ್ನು ಮಾಡಿದ್ದು ನಮ್ಮ ಪಕ್ಕದ ಹೈದರಾಬಾದಿನ ಇಸಿಐಎಲ್, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಕಂಪನಿ. ನಮ್ಮ ಕನ್ನಡ ಕಾರ್ಯಕ್ರಮಗಳೂ ಹೈದರಾಬಾದಿನಲ್ಲೇ ತಯಾರಾಗುತ್ತಿದ್ದವು. ದಿನಕ್ಕೆ ನಾಲ್ಕು ತಾಸು. ಬೆಳಿಗ್ಗೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಹಿಂದಿ, ಒರಿಯಾ, ತೆಲುಗು, ಕನ್ನಡ, ಈ ನಾಲ್ಕೂ ಭಾಷೆ ಆ ಹೊತ್ತನ್ನು ಹಂಚಿಕೊಳ್ಳಬೇಕಿತ್ತು. ಮಕ್ಕಳ ಪಾಲಿಗೆ ವಿಜ್ಞಾನ, ದೊಡ್ಡವರ ಪಾಲಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ.

ಅವ್ವನ ತವರೂರು ಅಂಥ ಹಳ್ಳಿಗಳಲ್ಲಿ ಒಂದು. ನಮ್ಮ ಮಾವ ಆಗ ಸಾಲಿ ಹುಡುಗ. ಈಗ ಕೇಳಿದರೂ ಕಣ್ಣು ಅರಳಿಸಿ ಹೇಳುತ್ತಾನೆ: "ಹೊತ್ತು ಮುಳಗತಿದ್ದಂಗ ಊರ ಮಂದಿ ಎಲ್ಲಾ ಸಾಲಿ ಮುಂದ ಕೂಡತಿತ್ತು ನೋಡವ್ವಾ. ಮುದುಕ್ಯಾರು ಸೈತ ಬರತಿದ್ರು. ಛತ್ರಿ ಮುಂದ ಯಾರೂ ನಿಂದರಬಾರದು ಅಂತ ಮಾಸ್ತರು ಬೈತಿದ್ರು." ಏನು ತೋರಿಸುತ್ತಿದ್ದರು ಅಂತ ಕೇಳಿದರೆ ಅವನಿಗೆ ನೆನಪಿರುವುದು ಕಾರ್ಯಕ್ರಮದ ಹೆಸರಲ್ಲ. ನೀರಿನ ಒಂದು ಹನಿಯನ್ನು ದೊಡ್ಡದು ಮಾಡಿ, ಅದರೊಳಗೆ ಹುಳ ಓಡಾಡುವುದನ್ನು ತೋರಿಸಿದ್ದು. ಮರುದಿನ ಊರಿನ ಹೆಂಗಸರು ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸಿದರಂತೆ. ಎಷ್ಟು ದಿನ ಸೋಸಿದರೋ, ಅದು ಬೇರೆ ಮಾತು. ಆದರೆ ಒಂದು ಊರು ಪೂರ್ತಿ ಒಂದೇ ಸಂಜೆ ಒಂದು ಹನಿ ನೀರನ್ನು ನೋಡಿ ಗಾಬರಿಯಾಯಿತಲ್ಲ, ಆ ಸಂಜೆಯಲ್ಲಿ ನಾನೂ ಇರಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ಬೇರೆ ಕಡೆ ಹೋಯಿತು. ಛತ್ರಿಗಳು ಖಾಲಿ ನಿಂತವು. ಮರುವರ್ಷ, ಅಂದರೆ 1977ರಲ್ಲಿ, ಆ ಹಳ್ಳಿಗಳಲ್ಲಿ ಕೆಲವಕ್ಕಾದರೂ ಟಿವಿ ಮುಂದುವರಿಯಲಿ ಅಂತ ಗುಲ್ಬರ್ಗದಲ್ಲಿ ದೂರದರ್ಶನದ ಕೇಂದ್ರ ಬಂತು. ನಮ್ಮೂರಿನವರು ಇವತ್ತಿಗೂ 'ಟಿವಿ ಸ್ಟೇಷನ್' ಅನ್ನುವುದು ಅದನ್ನೇ.

ನಾನು ಟಿವಿ ನೋಡಲು ಶುರುಮಾಡಿದ ಹೊತ್ತಿಗೆ ಇದೆಲ್ಲ ಹಳೆಯ ಕಥೆ. ನಮ್ಮ ಮನೆಯಲ್ಲಿದ್ದದ್ದು ಬಾಗಿಲು ಎಳೆಯುವ ಕಪ್ಪುಬಿಳುಪು ಟಿವಿ. ಮಾಳಿಗೆ ಮೇಲೆ ಆಂಟೆನಾ. ಗಾಳಿ ಬಂದರೆ ಅದು ತಿರುಗುತ್ತಿತ್ತು, ಅಣ್ಣ ಮೇಲೆ ಹತ್ತುತ್ತಿದ್ದ, ನಾನು ನಡುವೆ ಮೆಟ್ಟಿಲ ಮೇಲೆ ನಿಂತು ಕೆಳಗಿನ ಸುದ್ದಿ ಮೇಲಕ್ಕೆ ಮುಟ್ಟಿಸುತ್ತಿದ್ದೆ. "ಬಂತೇನು?" "ಬಂತ್ ಬಂತ್, ಹಂಗೇ ಹಿಡಿ!" "ಹೋತು!" ಆ ಕಾಲದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ನಾನು ಕಾಯುತ್ತಿದ್ದದ್ದು ಟರ್ನಿಂಗ್ ಪಾಯಿಂಟ್ ಅನ್ನುವ ವಿಜ್ಞಾನದ ಕಾರ್ಯಕ್ರಮ. ತೊಂಬತ್ತರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಬರುತ್ತಿತ್ತು. ನಡೆಸಿಕೊಡುತ್ತಿದ್ದವರು ಗಿರೀಶ್ ಕಾರ್ನಾಡ್. ಅವರು ತೆರೆಗೆ ಬಂದ ಕೂಡಲೇ ಅಪ್ಪ "ನಮ್ಮವರು" ಅನ್ನುತ್ತಿದ್ದರು. ನಾಟಕ ಬರೆಯುವ ಮನುಷ್ಯ ಉಪಗ್ರಹದ ಬಗ್ಗೆ, ಕ್ಯಾನ್ಸರ್ ಔಷಧದ ಬಗ್ಗೆ, ಹೊಸ ನಮೂನೆಯ ಇಂಜಿನ್ ಬಗ್ಗೆ ಅಷ್ಟು ಆಸಕ್ತಿಯಿಂದ ಮಾತಾಡುವುದು ನನಗೆ ಆಗ ವಿಶೇಷ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ವಿಜ್ಞಾನ ಓದಿದವರು ಮಾತ್ರ ವಿಜ್ಞಾನ ಮಾತಾಡಬೇಕು ಅನ್ನುವ ಬೇಲಿ ಅಲ್ಲಿ ಇರಲಿಲ್ಲ. ನಾನು ಮುಂದೆ ಓದಿದ್ದು ಕಾಮರ್ಸ್, ಈಗ ಮಾಡುವುದು ಲೆಕ್ಕಪತ್ರದ ಕೆಲಸ. ಆದರೂ ಚಂದ್ರನ ಮೇಲೆ ನೀರು ಸಿಕ್ಕಿದೆ ಅಂದರೆ ಊಟ ಬಿಟ್ಟು ಎದ್ದು ಓದುತ್ತೇನೆ. ಆ ಚಟ ಹತ್ತಿದ್ದು ಅಲ್ಲಿಂದ.

ಅದೇ ಕಾರ್ಯಕ್ರಮದಲ್ಲಿ ಆಮೇಲೆ ಪ್ರೊಫೆಸರ್ ಯಶ್ ಪಾಲ್ ಬರುತ್ತಿದ್ದರು. ಬಿಳಿ ಕೂದಲು, ನಿಧಾನದ ಮಾತು, ನಗುವ ಕಣ್ಣು. ದೇಶದ ಮೂಲೆ ಮೂಲೆಯಿಂದ ಜನ ಬರೆದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಯಾವುದೋ ಊರಿನ ಯಾವುದೋ ಹುಡುಗ ಒಂದು ಕಾರ್ಡ್ ಬರೆದು ಹಾಕಿದ್ದಾನೆ, ಇಷ್ಟು ದೊಡ್ಡ ಮನುಷ್ಯ ಅದನ್ನು ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತಿದ್ದಾರೆ. ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ ಭೌತವಿಜ್ಞಾನಿ ಅವರು. ಪ್ರಶ್ನೆ ಎಷ್ಟೇ ಸಣ್ಣದಿರಲಿ, ಅದನ್ನು ಸಣ್ಣದು ಅಂತ ಅವರು ನೋಡಿದ್ದು ನನಗೆ ನೆನಪಿಲ್ಲ. ಪ್ರಶ್ನೆಯನ್ನು ಮೊದಲು ಆಚೀಚೆ ಹೊರಳಿಸಿ ನೋಡುವುದು, ಆಮೇಲೆ ಉತ್ತರಕ್ಕೆ ಬರುವುದು, ಅದು ಅವರ ರೀತಿ. ನಮ್ಮ ಶಾಲೆಯಲ್ಲಿ ಉತ್ತರ ಮೊದಲೇ ನೋಟ್ಸಿನಲ್ಲಿ ಇರುತ್ತಿತ್ತು. ಯೋಚನೆ ಮಾಡುವಾಗ ಮನುಷ್ಯನ ಮುಖ ಹೇಗಿರುತ್ತದೆ ಅನ್ನುವುದನ್ನೇ ನಾನು ಅವರಲ್ಲಿ ಮೊದಲು ನೋಡಿದೆ. ಶಾಲೆ ಮಕ್ಕಳ ಹೊರೆ ಇಳಿಸಬೇಕು ಅಂತ 1993ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ ಸಮಿತಿಗೂ ಇವರೇ ಅಧ್ಯಕ್ಷರು. ಟಿವಿಯಲ್ಲಿ ಅವರನ್ನು ನೋಡಿದವರಿಗೆ ಆ ವರದಿ ಯಾಕೆ ಹಾಗೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಬಹಳ ವರ್ಷ ಆದ ಮೇಲೆ ನನಗೆ ತಿಳಿದ ಸಂಗತಿ ಒಂದಿದೆ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ಮೊದಲ ನಿರ್ದೇಶಕರಾಗಿ ಸೈಟ್ ಪ್ರಯೋಗವನ್ನು ನಡೆಸಿದವರು ಇದೇ ಯಶ್ ಪಾಲ್! 1975ರಲ್ಲಿ ನಮ್ಮ ಮಾವನ ಊರಿಗೆ ನೀರಿನ ಹನಿ ತೋರಿಸಲು ಹೊರಟ ಜನರ ಮುಂದಾಳು, ಹದಿನೈದು ಹದಿನಾರು ವರ್ಷದ ಮೇಲೆ ನಮ್ಮ ಮನೆಯ ಟಿವಿಯಲ್ಲಿ ಕುಳಿತು ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಎರಡು ತಲೆಮಾರಿಗೆ ಒಬ್ಬರೇ ಮೇಷ್ಟ್ರು. ಇದನ್ನು ಮಾವನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮನಿಷ್ಯಾನ ನಾ ನೋಡಬೇಕಾಗಿತ್ತವ್ವಾ" ಅಂದ. ಅವರು ತೀರಿಕೊಂಡದ್ದು 2017ರ ಜುಲೈಯಲ್ಲಿ.

ಟರ್ನಿಂಗ್ ಪಾಯಿಂಟ್ ಕನ್ನಡದಲ್ಲಿ ಇರಲಿಲ್ಲ. ನಮ್ಮ ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೇ. ಪಕ್ಕದ ಮನೆಯ ಖಾಲಾ ಬಂದು ಕೂಡುತ್ತಿದ್ದರು, ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಟಿವಿಯ ಹಿಂದಿಯನ್ನು ಖಾಲಾ ತಮ್ಮ ದಖನಿ ಉರ್ದುವಿಗೆ ತಿರುಗಿಸಿಕೊಂಡು, ಅದರಲ್ಲಿ ಅರ್ಧ ಕನ್ನಡ ಬೆರೆಸಿ ಅವ್ವನಿಗೆ ದಾಟಿಸುತ್ತಿದ್ದರು. "ಅಂದ್ರ ಏನಂತಾರವಾ?" ಅಂತ ಅವ್ವ, "ಅರೆ ಬಾಯಿ, ಹೃದಯಕ್ಕ ಬ್ಯಾಟ್ರಿ ಹಾಕ್ತಾರಂತ" ಅಂತ ಖಾಲಾ. ಪೇಸ್‌ಮೇಕರ್ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಇಬ್ಬರೂ ಬತ್ತಿ ಹೊಸೆಯುತ್ತಲೋ ಅಕ್ಕಿ ಹಸನು ಮಾಡುತ್ತಲೋ ನೋಡುತ್ತಿದ್ದರು. ಮನುಷ್ಯನ ಹೃದಯಕ್ಕೆ ಬ್ಯಾಟರಿ ಹಾಕಿದರೆ ಅದು ಮುಗಿದಾಗ ಏನು ಮಾಡುತ್ತಾರೆ ಅಂತ ಆಮೇಲೆ ಅರ್ಧ ತಾಸು ಚರ್ಚೆ. ಇಂಥ ಚರ್ಚೆ ಈಗ ಯಾರ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ ಹೇಳಿ.

1995ನೆಯ ಇಸವಿಯನ್ನು ಇಲ್ಲಿ ಬಿಡುವ ಹಾಗೇ ಇಲ್ಲ. ಆ ಒಂದು ವರ್ಷದಲ್ಲಿ ಎಷ್ಟೊಂದು! ಜುಲೈ ಕೊನೆಗೆ ದೇಶದ ಮೊದಲ ಮೊಬೈಲ್ ಕರೆ, ಆಗಸ್ಟ್ 15ಕ್ಕೆ ಜನರಿಗೆ ಇಂಟರ್ನೆಟ್. ನಮ್ಮೂರಲ್ಲಿ ಆಗಿನ್ನೂ ಎಸ್‌ಟಿಡಿ ಬೂತಿನ ಮುಂದೆ ರಾತ್ರಿ ಹನ್ನೊಂದರ ಮೇಲೆ ಸಾಲು ಇರುತ್ತಿತ್ತು. ಸೆಪ್ಟೆಂಬರ್ 21ಕ್ಕೆ ಗಣಪತಿ ಹಾಲು ಕುಡಿದ ಸುದ್ದಿ. ನಮ್ಮ ಓಣಿಯ ಗುಡಿಗೂ ಮಂದಿ ಲೋಟ ಹಿಡಿದು ಓಡಿದರು, ಅಪ್ಪನ ಅವ್ವ, ನಮ್ಮ ಆಯಿಯೂ ಹೋಗಿದ್ದಳು. ಟಿವಿಯಲ್ಲಿ ವಿಜ್ಞಾನಿಗಳು ಹಾಲಿಗೆ ಬಣ್ಣ ಹಾಕಿ ತೋರಿಸಿದರು. ಚಮಚದ ಹಾಲು ಒದ್ದೆ ಕಲ್ಲಿಗೆ ತಾಗಿದ ಕೂಡಲೇ ಮೇಲ್ಮೈ ಎಳೆತಕ್ಕೆ ಸಿಕ್ಕಿ, ತೆಳ್ಳಗೆ ಮೂರ್ತಿಯ ಮೈಮೇಲೆ ಇಳಿದು ಹೋಗುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿ ಹಾಲು ಕಾಣುವುದಿಲ್ಲ, ಬಣ್ಣ ಹಾಕಿದರೆ ಕಾಣುತ್ತದೆ. ಅಷ್ಟೇ ವಿವರ. ನನಗೆ ಇಷ್ಟವಾದದ್ದು ಅದನ್ನು ಹೇಳಿದ ಧಾಟಿ. ಭಕ್ತರನ್ನು ಯಾರೂ ಹಂಗಿಸಲಿಲ್ಲ. ಆಯಿ ಅದನ್ನು ನೋಡಿ, ಸಂಜೆ ದೇವರ ಮನೆಯ ಹಿತ್ತಾಳೆ ಗಣಪತಿಗೆ ಅರಿಸಿನ ಹಾಕಿದ ಹಾಲು ಹಿಡಿದು ತಾನೇ ನೋಡಿದಳು. ಹರಿದದ್ದು ಕಂಡಿತು. ಮೂರ್ತಿ ಒರೆಸಿ, ಕೈ ಮುಗಿದು ಎದ್ದಳು. ಅವಳ ಭಕ್ತಿಗೂ ಏನೂ ಆಗಲಿಲ್ಲ, ಪ್ರಯೋಗಕ್ಕೂ ಏನೂ ಆಗಲಿಲ್ಲ.

ಅದಾಗಿ ಒಂದು ತಿಂಗಳಿಗೆ ಅಕ್ಟೋಬರ್ 24ರ ಸೂರ್ಯಗ್ರಹಣ. ದೀಪಾವಳಿಯ ಹೊತ್ತು. ಪೂರ್ಣ ಗ್ರಹಣ ಕಂಡದ್ದು ರಾಜಸ್ಥಾನದಿಂದ ಬಂಗಾಳದವರೆಗಿನ ಒಂದು ಪಟ್ಟಿಯಲ್ಲಿ, ನಮ್ಮಲ್ಲಿ ಅರೆಬರೆ. ದೂರದರ್ಶನ ಅದನ್ನು ನೇರ ಪ್ರಸಾರ ಮಾಡಿತು, ವಿವರಣೆಗೆ ಮತ್ತೆ ಯಶ್ ಪಾಲ್. ಇದರ ಮಹತ್ವ ತಿಳಿಯಬೇಕಾದರೆ 1980ರ ಫೆಬ್ರವರಿ 16ರ ಗ್ರಹಣವನ್ನು ನೆನೆಯಬೇಕು. ಅದರ ಪೂರ್ಣ ನೆರಳು ನಮ್ಮ ರಾಯಚೂರಿನ ಮೇಲೆಯೇ ಹಾದು ಹೋಗಿತ್ತು. ಆಗ ಜನ ಮನೆಬಿಟ್ಟು ಹೊರಗೆ ಬರದಿರಲಿ ಅಂತ ದೂರದರ್ಶನ ಹಿಂದಿ ಸಿನಿಮಾ ಹಾಕಿತ್ತು ಅಂತ ಆ ಕಾಲದವರು ಈಗಲೂ ಹೇಳುತ್ತಾರೆ. ಹದಿನೈದು ವರ್ಷದಲ್ಲಿ ಅದೇ ಟಿವಿ ಗ್ರಹಣವನ್ನೇ ಮನೆಯೊಳಗೆ ತಂದಿತು. ಆಯಿ ನೀರಿನ ಕೊಡಕ್ಕೆಲ್ಲ ಗರಿಕೆ ಹಾಕಿ, "ಗ್ರಹಣದಾಗ ಟಿವಿ ಹಚ್ಚಬ್ಯಾಡ್ರಿ" ಅಂದಳು. ಅಪ್ಪ, "ಟಿವ್ಯಾಗ ನೋಡಿದ್ರ ಏನ್ ಆಗ್ತದವ್ವಾ" ಅಂದು ಹಚ್ಚೇ ಬಿಟ್ಟರು. ಮೊದಲು ಆಯಿ ಗೋಡೆ ಕಡೆ ಮುಖ ಮಾಡಿದ್ದಳು. ಪೂರ್ತಿ ಕತ್ತಲಾಗಿ, ಆಮೇಲೆ ಅಂಚಿನಲ್ಲಿ ಒಂದು ಕಡೆ ಮಾತ್ರ ಬೆಳಕು ಹೊಳೆದು ವಜ್ರದ ಉಂಗುರ ಆಯಿತಲ್ಲ, ಆಗ ತಿರುಗಿ ನೋಡಿದಳು. ಮನೆಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಕಪ್ಪುಬಿಳುಪು ಟಿವಿಯಲ್ಲೂ ಅದು ಹಾಗೆ ಹೊಳೆಯಿತು.

ಕಂಡ ಹೊಸ ಸಾಧನಗಳೆಲ್ಲ ನಮ್ಮ ಬದುಕಿಗೆ ಬರಲಿಲ್ಲ, ಅದನ್ನೂ ಹೇಳಬೇಕು. ಸೋಲಾರ್ ಕುಕ್ಕರನ್ನು ಎಷ್ಟು ಸಲ ತೋರಿಸಿದರು ಆಗ! ಕರಿ ಡಬ್ಬಿ, ಮೇಲೆ ಗಾಜು, ಪಕ್ಕಕ್ಕೆ ಕನ್ನಡಿ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಯಾವುದು ಅಂತ ಅಪ್ಪ ಒಂದು ತಂದರು. ಬೇಳೆ ಚೆನ್ನಾಗಿಯೇ ಬೇಯುತ್ತಿತ್ತು. ಆದರೆ ರೊಟ್ಟಿ ಬಡಿದು ಸುಡುವುದಕ್ಕೆ ಆಗುವುದಿಲ್ಲ, ಬೆಳಗಿನ ಡಬ್ಬಿಗೆ ಅಡುಗೆ ಮಾಡುವುದಕ್ಕೆ ಬಿಸಿಲೇ ಇನ್ನೂ ಏರಿರುವುದಿಲ್ಲ. ಅದು ಮಾಳಿಗೆ ಮೇಲೆಯೇ ಉಳಿಯಿತು. ಅಸ್ತ್ರ ಒಲೆ ಹಾಗಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಾಗಿ ವಿಜ್ಞಾನ ಅಂತ ಶುರುಮಾಡಿದ ಅಸ್ತ್ರ ಕೇಂದ್ರದಿಂದ ಬಂದ ಒಲೆ ಅದು. ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ, ಕಟ್ಟಿಗೆ ಕಮ್ಮಿ ಸಾಕು. ಟಿವಿಯಲ್ಲಿ ನೋಡಿ ಬಂದು ಅವ್ವ ತನ್ನ ತವರಿನಲ್ಲಿ ಹಾಕಿಸಿದಳು. ಹೊಗೆಗೆ ಕಣ್ಣು ಕೆಂಪಾಗಿರುತ್ತಿದ್ದ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಆ ಒಲೆಯನ್ನು ಮಗುವಿನ ಹಾಗೆ ಜೋಪಾನ ಮಾಡಿದಳು. ಹೊಸ ಸಾಧನ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ರಾಕೆಟ್ ಅಲ್ಲ, ಆ ಒಲೆ.

ಆಮೇಲೆ ಕೇಬಲ್ ಬಂತು. 1995ರಲ್ಲೇ ಡಿಸ್ಕವರಿ ನಮ್ಮ ದೇಶಕ್ಕೆ ಬಂತು, ಮುಂದೆ ನ್ಯಾಷನಲ್ ಜಿಯಾಗ್ರಫಿಕ್. ಬಣ್ಣ ಬಣ್ಣದ ಮೀನು, ಜ್ವಾಲಾಮುಖಿ, ದೊಡ್ಡ ದೊಡ್ಡ ಸೇತುವೆ. ಸಂತೋಷದಿಂದಲೇ ನೋಡಿದೆ. ಆದರೆ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ತಮಿಳು ಮಕ್ಕಳಿಗೆ, ತೆಲುಗು ಮಕ್ಕಳಿಗೆ ಅವರ ಭಾಷೆಯಲ್ಲಿ ಸಿಕ್ಕಾಗಲೂ ಕನ್ನಡ ಮಕ್ಕಳಿಗೆ ಸಿಗಲಿಲ್ಲ. ನಮ್ಮ ನಾಡಿನಲ್ಲಿ ಬಹಳ ವರ್ಷ ಡಬ್ಬಿಂಗ್ ಬೇಡ ಅನ್ನುವ ಪಟ್ಟು ಇತ್ತು. ಅದರ ಹಿಂದೆ ಕನ್ನಡ ಕಲಾವಿದರ ಹೊಟ್ಟೆಪಾಡಿನ ಪ್ರಶ್ನೆ ಇತ್ತು, ಅದನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಆದರೆ ಸಿನಿಮಾಕ್ಕೆ ಹಾಕಿದ ಬೇಲಿಯೊಳಗೆ ತಿಮಿಂಗಿಲ, ತಾರೆ, ಡೈನೋಸಾರ್ ಎಲ್ಲವೂ ಸಿಕ್ಕಿಹಾಕಿಕೊಂಡವು ಅನ್ನುವುದು ನನ್ನ ನೋವು. ಕಲಬುರಗಿಯ ನಮಗೆ ಹೇಗೋ ನಡೆಯಿತು, ಓಣಿಯಲ್ಲಿ ದಖನಿ ಕೇಳಿ ಬೆಳೆದವರಿಗೆ ಹಿಂದಿ ದೂರವಲ್ಲ. ಕೊಪ್ಪಳದ, ಹಾಸನದ ಹಳ್ಳಿ ಹುಡುಗಿ ಏನು ಮಾಡಬೇಕಿತ್ತು? ಒಂದು ಪೀಳಿಗೆಯ ಕನ್ನಡ ಮಕ್ಕಳು ಬರೀ ಚಿತ್ರ ನೋಡಿ, ಮಾತು ಬಿಟ್ಟು ಎದ್ದು ಹೋದರು.

ಕನ್ನಡದ್ದೇ ಆಗಿ ನಮ್ಮನ್ನು ಹಿಡಿದು ಕೂಡಿಸಿದ್ದು ಅಂದರೆ ಥಟ್ ಅಂತ ಹೇಳಿ. 2002ರಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದದ್ದು. ಅದು ವಿಜ್ಞಾನದ ಕಾರ್ಯಕ್ರಮ ಅಲ್ಲ, ಕ್ವಿಜ್. ಆದರೂ ವೈದ್ಯರೇ ನಡೆಸುವ ಕ್ವಿಜ್ ಆದ್ದರಿಂದ ದೇಹದ ಮೇಲೆ, ಔಷಧದ ಮೇಲೆ, ವಿಜ್ಞಾನಿಗಳ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. ಸರಿ ಉತ್ತರಕ್ಕೆ ಪುಸ್ತಕ ಬಹುಮಾನ. ದುಡ್ಡಲ್ಲ, ಮಿಕ್ಸರ್ ಅಲ್ಲ, ಪುಸ್ತಕ! ನಮ್ಮ ಮನೆಯಲ್ಲಿ ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಎಲ್ಲರೂ ಉತ್ತರ ಕೂಗುತ್ತಿದ್ದೆವು.

ಈಗ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಈಗಿನ ಮಕ್ಕಳಿಗೆ ಸಿಗುವುದರಲ್ಲಿ ನೂರರಲ್ಲಿ ಒಂದು ಪಾಲೂ ನಮಗೆ ಸಿಗುತ್ತಿರಲಿಲ್ಲ. ನನ್ನ ತಮ್ಮನ ಮಗಳು ಫೋನಿನಲ್ಲಿ ಕಪ್ಪು ಕುಳಿಯ ಚಿತ್ರ ತೋರಿಸಿ ಅದರ ಸುತ್ತ ಬೆಳಕು ಯಾಕೆ ಬಾಗುತ್ತದೆ ಅಂತ ನನಗೇ ಪಾಠ ಹೇಳುತ್ತಾಳೆ. ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಒಳ್ಳೆಯ ವಿಜ್ಞಾನ ಹೇಳುವ ಹುಡುಗರಿದ್ದಾರೆ, ಕಷ್ಟಪಟ್ಟು ಮಾಡುತ್ತಾರೆ. ಆದರೆ ಅದರ ಪಕ್ಕದಲ್ಲೇ 'ವಿಜ್ಞಾನಿಗಳೇ ಶಾಕ್' ಅನ್ನುವ ಕೆಂಪು ಅಕ್ಷರದ ವಿಡಿಯೋ ಇರುತ್ತದೆ, ಮಗುವಿನ ಬೆರಳಿಗೆ ಎರಡೂ ಒಂದೇ ದೂರ. ಮತ್ತೆ ಅವಳು ನೋಡುವುದು ಒಬ್ಬಳೇ, ಕಿವಿಗೆ ವೈರ್ ಹಾಕಿಕೊಂಡು. ಪಕ್ಕದಲ್ಲಿ ಅವ್ವ ಇಲ್ಲ, ಖಾಲಾ ಇಲ್ಲ, ಬ್ಯಾಟರಿ ಮುಗಿದರೆ ಏನು ಅಂತ ಕೇಳುವವರಿಲ್ಲ.

ಚಂದ್ರಯಾನ-3 ಇಳಿದ ದಿನ ಮಾತ್ರ ಬೇರೆ. 2023ರ ಆಗಸ್ಟ್ 23ರ ಸಂಜೆ. ನಾನು ಕೆಲಸ ಮುಗಿಸಿ ಬರುವಾಗ ಚಹಾ ಹೋಟೆಲಿನ ಟಿವಿ ಮುಂದೆ ಆಟೋದವರು, ತರಕಾರಿ ಗಾಡಿಯವರು, ಕಾಲೇಜು ಹುಡುಗರು ಎಲ್ಲ ಒತ್ತಿ ನಿಂತಿದ್ದರು. ನಾನೂ ನಿಂತೆ. ತೆರೆಯ ಮೇಲೆ ಇದ್ದದ್ದು ಬರೀ ಒಂದು ಗೆರೆ ಮತ್ತು ಇಳಿಯುತ್ತಿರುವ ಅಂಕಿಗಳು. ಸಿನಿಮಾ ಇಲ್ಲ, ಸಂಗೀತ ಇಲ್ಲ. ಆದರೂ ಒಬ್ಬರೂ ಕದಲಲಿಲ್ಲ. ಆರು ದಾಟಿ ಕೆಲವೇ ನಿಮಿಷಕ್ಕೆ ಅದು ಇಳಿಯಿತು, ಹೋಟೆಲಿನವರು ಎಲ್ಲರಿಗೂ ಚಹಾ ಕೊಟ್ಟರು. ಪಕ್ಕದಲ್ಲಿದ್ದ ಅಜ್ಜ ಒಬ್ಬರು "ಅಲ್ಲಿ ಗಾಳಿ ಇಲ್ಲಂದ್ರ ಪ್ಯಾರಾಚೂಟ್ ಹೆಂಗ ನಡೀತದ?" ಅಂತ ಕೇಳಿದರು. ಎಂಥ ಪ್ರಶ್ನೆ! ಅದಕ್ಕೇ ಪ್ಯಾರಾಚೂಟ್ ಇಲ್ಲ, ಇಂಜಿನ್ ಉರಿಸಿ ಕೆಳಗೆ ಬೆಂಕಿ ಬಿಟ್ಟು ವೇಗ ಕಡಿಮೆ ಮಾಡುತ್ತಾರೆ ಅಂತ ಕಾಲೇಜು ಹುಡುಗ ಒಬ್ಬ ಹೇಳಿದ. ಅಜ್ಜ ತಲೆ ಆಡಿಸಿದರು. ಟರ್ನಿಂಗ್ ಪಾಯಿಂಟಿನಲ್ಲಿ ಬರಬೇಕಾದ ಪ್ರಶ್ನೆ ಅದು. ಅದನ್ನು ಕಳಿಸುವ ವಿಳಾಸ ಈಗ ಯಾವುದು? ನನಗೆ ಕೊರತೆ ಕಾಣುವುದು ಇಲ್ಲೇ. ಮಾಹಿತಿ ರಾಶಿ ಬಿದ್ದಿದೆ. ನಮ್ಮ ಕಡೆಯ ಅಜ್ಜನ ಪ್ರಶ್ನೆಯನ್ನು ಕೈಗೆ ತೆಗೆದುಕೊಂಡು, ನಮ್ಮ ಮಾತಿನಲ್ಲಿ, ಅವಸರ ಇಲ್ಲದೆ ಉತ್ತರ ಹೇಳುವ ಒಬ್ಬ ಹಿರಿಯರು ಬೇಕು. ಅಂಥ ಒಂದು ಅರ್ಧ ತಾಸು ಬೇಕು.

ಇದು ಆಗದ ಮಾತೇನಲ್ಲ. ದೂರದರ್ಶನದ ಹಳೆಯ ನೆಲ ಟವರುಗಳ ಪ್ರಸಾರ 2021ರಲ್ಲಿ ನಿಂತಾಗ ಕಲಬುರಗಿಯ ಹೆಸರೂ ಸುದ್ದಿಯಲ್ಲಿ ಬಂತು, ಜನ ಬೇಸರ ಮಾಡಿಕೊಂಡರು. ಕೇಂದ್ರದಲ್ಲಿ ಕಾರ್ಯಕ್ರಮ ತಯಾರಿಸುವುದು ಮುಂದುವರಿಯುತ್ತದೆ ಅಂತ ಪ್ರಸಾರ ಭಾರತಿ ಆಗ ಹೇಳಿತು. ಹಾಗಾದರೆ ಕೇಂದ್ರ ಇದೆ. ಐವಾನ್-ಎ-ಶಾಹಿ ಕಡೆ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಇದೆ. ದೇಶದಲ್ಲಿ ಇಂಥ ಜಿಲ್ಲಾ ಕೇಂದ್ರಗಳು ಶುರುವಾದಾಗ ಮೊದಲ ಸಾಲಿನಲ್ಲೇ ನಮಗೆ ಸಿಕ್ಕದ್ದು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ. ಉತ್ತರ ಹೇಳುವವರಿಗೆ ಬೆಂಗಳೂರಿನ ತನಕ ಹೋಗಬೇಕಾಗಿಲ್ಲ.

ಏನು ತೋರಿಸಬೇಕು ಅಂತ ಯಾರಾದರೂ ನನ್ನನ್ನು ಕೇಳಿದರೆ ಪಟ್ಟಿ ತಯಾರಿದೆ. ಮಳಖೇಡದಿಂದ ಶುರುಮಾಡಿ. ಸೇಡಂ ತಾಲೂಕಿನ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರ ನಾಲ್ಕು ಲೆಕ್ಕಗಳನ್ನು ಅಲ್ಲಿಯ ಶಾಲೆಯ ಮಕ್ಕಳ ಕೈಯಲ್ಲಿ ಬಿಡಿಸಿ ತೋರಿಸಿ. ಬೀದರಿಗೆ ಹೋಗಿ, ಬಹಮನಿಗಳ ಕಾಲದ ಕರೇಜ್ ಅನ್ನುವ ಸುರಂಗ ಕಾಲುವೆಯಲ್ಲಿ ನೀರು ನೆಲದೊಳಗೆ ಪಂಪಿಲ್ಲದೆ, ಬರೀ ಇಳಿಜಾರಿನಿಂದ ಹೇಗೆ ಹರಿಯುತ್ತಿತ್ತು ಅಂತ ಒಳಗಿಳಿದು ತೋರಿಸಿ. ಬಿದ್ರಿ ಮಾಡುವವರ ಹತ್ತಿರ ಕೂಡಿ. ಸತು ಮತ್ತು ತಾಮ್ರದ ಪಾತ್ರೆಗೆ ಬೆಳ್ಳಿ ಕೂಡಿಸಿ, ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾಕೆ? ಕೋಟೆಯ ಮಣ್ಣೇ ಯಾಕೆ, ಹೊಲದ ಮಣ್ಣು ಯಾಕೆ ಆಗುವುದಿಲ್ಲ? ಕುಶಲಕರ್ಮಿ ನಾಲಿಗೆಗೆ ಹಚ್ಚಿ ಮಣ್ಣು ಆರಿಸುತ್ತಾರೆ. ಆ ನಾಲಿಗೆಗೆ ತಿಳಿಯುವುದು ರಸಾಯನಶಾಸ್ತ್ರದಲ್ಲಿ ಏನು? ಅರ್ಧ ತಾಸು ಸಾಲುವುದಿಲ್ಲ, ಎರಡು ಕಂತು ಬೇಕು.

ಎಲ್ಲಕ್ಕಿಂತ ಮೊದಲು ತೊಗರಿಯ ನೆಟೆ ರೋಗ ಬರಲಿ. ಹೂವು ಕಾಯಿ ಹಿಡಿಯುವ ಹೊತ್ತಿಗೆ, ಹೊಲ ಹಸಿರಾಗಿರುವಾಗಲೇ ಗಿಡ ನಿಂತ ನಿಲುವಿನಲ್ಲಿ ಒಣಗುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಮ್ ಅನ್ನುವ ಶಿಲೀಂಧ್ರ ಬೇರಿನಿಂದ ಹತ್ತಿ, ಗಿಡದೊಳಗೆ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಬರಿಗಣ್ಣಿಗೇ ಕಾಣುತ್ತದೆ. ಹಾಗಾಗಿ ಮೇಲಿಂದ ಎಷ್ಟು ಎಣ್ಣೆ, ಅಂದರೆ ಬೆಳೆಗೆ ಹೊಡೆಯುವ ಔಷಧ, ಹೊಡೆದರೂ ಒಳಗಿನ ಆ ದಾರಿ ಬಿಚ್ಚಿಕೊಳ್ಳುವುದಿಲ್ಲ. ರೋಗ ತಡೆಯುವ ತಳಿ ಬಿತ್ತಬೇಕು, ಬೀಜೋಪಚಾರ ಮಾಡಬೇಕು, ಅದೇ ಹೊಲಕ್ಕೆ ವರ್ಷ ವರ್ಷ ತೊಗರಿಯನ್ನೇ ಹಾಕಬಾರದು. ಇದನ್ನು ನಮ್ಮ ಮಾವ ಒಬ್ಬ ಅಂಗಡಿಯವನ ಬಾಯಿಂದ ಅರ್ಧ, ವಾಟ್ಸಾಪಿನಿಂದ ಅರ್ಧ ತಿಳಿದುಕೊಂಡು ಪ್ರತಿ ವರ್ಷ ಎಣ್ಣೆಗೆ ದುಡ್ಡು ಹಾಕುತ್ತಿದ್ದಾನೆ. ಕಾಂಡ ಸೀಳಿ ಆ ಕಂದು ಗೆರೆಯನ್ನು ತೆರೆತುಂಬ ದೊಡ್ಡದು ಮಾಡಿ ತೋರಿಸುವ ಒಂದು ಕಾರ್ಯಕ್ರಮ ಕನ್ನಡದಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ, ಬಿತ್ತನೆಗೆ ಮೊದಲೇ ಬರಬೇಕು. ಮುಂಗಾರು ಬರುವುದರೊಳಗೆ.